ಶ್ರೀಲಂಕೆಯ ಗೊಬ್ಬರದ ಲೆಕ್ಕವೂ ದೇಶದ ಜಮಾಖರ್ಚೂ

ಪರದೇಶದಿಂದ ಕೊಂಡು ತರುವ ಸರಕಿಗೆ ಕೊಡತಕ್ಕ ಬೆಲೆಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ಸರಕು ನಮ್ಮ ಹೊಲದಲ್ಲಿ ಮತ್ತೆ ಎಷ್ಟನ್ನು ಹುಟ್ಟಿಸಿಕೊಡುತ್ತದೆಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ನೆರೆಯ ಶ್ರೀಲಂಕಾ ದೇಶದಲ್ಲಿ 2021ನೆಯ ಇಸವಿಯಲ್ಲಿ ಸರ್ಕಾರದವರು ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಹುಕುಮಿನಿಂದ ನಿಲ್ಲಿಸಿದರು. ಹೊರಗೆ ಹೋಗುವ ಹಣವನ್ನು ಉಳಿಸಬೇಕೆಂಬುದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು. ಒಂದೂವರೆ ವರ್ಷದೊಳಗಾಗಿ ಆ ದೇಶದ ಭತ್ತದ ಉತ್ಪನ್ನವು ಮೂರರಲ್ಲಿ ಒಂದು ಪಾಲು ಇಳಿಯಿತು. ಪರದೇಶದ ಸಾಲವನ್ನು ತೀರಿಸಲು ಶಕ್ತಿಯಿಲ್ಲವೆಂದು ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. ಇದೆಲ್ಲವೂ ಗೊಬ್ಬರ ಒಂದರಿಂದಲೇ ಆಯಿತೆಂದು ಹೇಳುವುದು ತಪ್ಪು. ಆದರೆ ಒಂದು ದೇಶದ ವ್ಯಾಪಾರದ ಲೆಕ್ಕವೂ ಒಬ್ಬ ರೈತನ ಗದ್ದೆಯ ಲೆಕ್ಕವೂ ಎಲ್ಲಿ ಸಂಧಿಸುತ್ತವೆಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಸಿಕ್ಕುವುದು ದುರ್ಲಭ. ಗ್ರಾಮದ ಯಜಮಾನಿಕೆಯನ್ನು ವಹಿಸಿರುವವರೂ ಜಮೀನುದಾರರೂ ಇದನ್ನು ನಿಧಾನವಾಗಿ ವಿಚಾರಿಸುವುದು ಒಳ್ಳೆಯದೆಂದು ತಿಳಿದು ಈ ಲೇಖನವನ್ನು ಬರೆದಿದೆ.

ಶ್ರೀಲಂಕೆಯು ಸುಮಾರು 65,600 ಚದರ ಕಿಲೋಮೀಟರುಗಳ ದ್ವೀಪ. ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. ಜನಸಂಖ್ಯೆಯು ಎರಡು ಕೋಟಿಯನ್ನು ಸ್ವಲ್ಪ ಮೀರುತ್ತದೆ. ನಡುವೆ ಮಲೆಸೀಮೆ, ಅಲ್ಲಿ ಚಹದ ತೋಟಗಳು. ನೈಋತ್ಯಕ್ಕೆ ಮಳೆ ಹೆಚ್ಚಾದ ರಬ್ಬರು ತೆಂಗುಗಳ ಪ್ರಾಂತ. ಉತ್ತರಕ್ಕೂ ಪೂರ್ವಕ್ಕೂ ಮಳೆ ಕಡಮೆಯಾದ ಬಯಲು; ಅಲ್ಲಿ ಪ್ರಾಚೀನ ರಾಜರು ಕಟ್ಟಿಸಿದ ಕೆರೆಗಳ ಕೆಳಗೆ ಇಂದಿಗೂ ಭತ್ತ ಬೆಳೆಯುತ್ತದೆ. ಬೇಸಾಯದ ಹಂಗಾಮುಗಳು ಎರಡು. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಪ್ರಾರಂಭವಾಗಿ ಈಶಾನ್ಯ ಮಳೆಯಿಂದ ಬೆಳೆಯುವುದಕ್ಕೆ 'ಮಹಾ' ಎಂದೂ, ಏಪ್ರಿಲ್ ಮೇಗಳಲ್ಲಿ ಪ್ರಾರಂಭವಾಗುವುದಕ್ಕೆ 'ಯಾಲ' ಎಂದೂ ಹೆಸರು. ದೊಡ್ಡ ಫಸಲು ಮಹಾ ಹಂಗಾಮಿನದು.

ಒಂದೆರಡು ಬೆಳೆಗಳನ್ನೇ ನಂಬಿ ಪರದೇಶದೊಡನೆ ವ್ಯಾಪಾರ ಮಾಡುವವರಿಗೆ ಒದಗುವ ಅಪಾಯವು ಈ ದ್ವೀಪಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ಕಾಫಿಯೇ ರಾಜನಾಗಿತ್ತು. 1869ರಲ್ಲಿ ಎಲೆಯ ತುಕ್ಕುರೋಗವು ಕಾಣಿಸಿಕೊಂಡು ಇಪ್ಪತ್ತು ವರ್ಷಗಳೊಳಗೆ ತೋಟಗಳನ್ನು ನೆಲಸಮ ಮಾಡಿತು. ಅದೇ ರೋಗವು ಬಹು ಬೇಗನೆ ನಮ್ಮ ಮೈಸೂರು ಕೊಡಗುಗಳ ಕಾಫಿಗೂ ತಗುಲಿದ್ದನ್ನು ಮಲೆನಾಡಿನ ತೋಟದವರು ಬಲ್ಲರು. ಜೇಮ್ಸ್ ಟೇಲರ್ ಎಂಬ ತೋಟಗಾರನು ಕ್ಯಾಂಡಿಯ ಸಮೀಪದ ಲೂಲೆಕಂದೆರ ಎಂಬಲ್ಲಿ 1867ರಲ್ಲಿಯೇ ಚಹದ ಗಿಡಗಳನ್ನು ಹಾಕಿದ್ದನು. ಕಾಫಿ ಹೋದ ಜಾಗದಲ್ಲಿ ಚಹವು ನಿಂತುದು ಹೀಗೆ. ದೇಶವು 1948ರಲ್ಲಿ ಸ್ವತಂತ್ರವಾದಾಗ ಚಹ, ರಬ್ಬರು, ತೆಂಗು ಈ ಮೂರನ್ನು ಮಾರಿ ಅಕ್ಕಿಯನ್ನು ಕೊಂಡು ತಿನ್ನುವುದೇ ಅಲ್ಲಿನ ಆರ್ಥಿಕ ಜೀವನವಾಗಿತ್ತು.

ಅಕ್ಕಿಯ ವಿಚಾರದಲ್ಲಿ ಅಲ್ಲಿನ ಸರ್ಕಾರಗಳು ಯಾವಾಗಲೂ ನಡುಗುತ್ತಲೇ ಬಂದಿವೆ. 1952ರಲ್ಲಿ ರಬ್ಬರನ್ನು ಕೊಟ್ಟು ಅಕ್ಕಿಯನ್ನು ಪಡೆಯತಕ್ಕದ್ದೆಂದು ಚೀನಾ ದೇಶದೊಡನೆ ಒಪ್ಪಂದ ಮಾಡಿಕೊಂಡರು. ಮರುವರ್ಷ ಪಡಿತರದ ಅಕ್ಕಿಯ ಬೆಲೆಯನ್ನು ಅಳತೆಗೆ 25 ಸೆಂಟಿನಿಂದ 70 ಸೆಂಟಿಗೆ ಏರಿಸಿದುದಕ್ಕೆ ದೇಶವ್ಯಾಪಿಯಾದ ಹರತಾಳ ನಡೆದು, ಪ್ರಧಾನಮಂತ್ರಿಯು ಅಧಿಕಾರವನ್ನು ಬಿಡಬೇಕಾಯಿತು. ಆಮೇಲಿನ ಅರವತ್ತು ವರ್ಷಗಳಲ್ಲಿ ಮಹಾವೇಲಿ ನದಿಯ ನೀರಾವರಿ, ಸುಧಾರಿಸಿದ ಗಿಡ್ಡತಳಿಗಳು, ಗೊಬ್ಬರ ಈ ಮೂರರ ಬಲದಿಂದ ದ್ವೀಪವು ತನ್ನ ಅಕ್ಕಿಯನ್ನು ಬಹುಮಟ್ಟಿಗೆ ತಾನೇ ಬೆಳೆದುಕೊಳ್ಳುವ ಸ್ಥಿತಿಗೆ ಬಂದಿತು. 2020ರಲ್ಲಿ ಭತ್ತದ ಉತ್ಪನ್ನವು 51 ಲಕ್ಷ ಟನ್ನುಗಳು. ಈ ಮೂರರಲ್ಲಿ ನೀರೂ ತಳಿಯೂ ಮನೆಯವು. ಗೊಬ್ಬರ ಮಾತ್ರ ಹಡಗಿನಲ್ಲಿ ಬರತಕ್ಕದ್ದು. 1962ರಿಂದಲೂ ಸರ್ಕಾರದವರು ಅದಕ್ಕೆ ಸಹಾಯಧನ ಕೊಡುತ್ತಿದ್ದರು. 2005ರ ತರುವಾಯ 50 ಕಿಲೋ ಚೀಲವು 350 ರೂಪಾಯಿಗೆ ಸಿಕ್ಕುತ್ತಿತ್ತು. ಅಗ್ಗವಾಗಿ ಸಿಕ್ಕಿದ್ದನ್ನು ಅಳತೆಗೆ ಮೀರಿ ಸುರಿಯುವ ಅಭ್ಯಾಸವೂ ಬೆಳೆಯಿತು. ಇದು ಸಿಂಹಳದ ರೈತನೊಬ್ಬನ ದೋಷವೇನೂ ಅಲ್ಲ.

ಈಗ ವ್ಯಾಪಾರದ ಲೆಕ್ಕಕ್ಕೆ ಬರೋಣ. 2018ನೆಯ ಇಸವಿಯನ್ನು ತೆಗೆದುಕೊಂಡರೆ, ಶ್ರೀಲಂಕೆಯು ಸುಮಾರು 1,190 ಕೋಟಿ ಡಾಲರುಗಳ ಸರಕನ್ನು ಹೊರಗೆ ಮಾರಿ, 2,220 ಕೋಟಿ ಡಾಲರುಗಳ ಸರಕನ್ನು ಹೊರಗಿನಿಂದ ಕೊಂಡಿತು. ಮಾರಿದುದರಲ್ಲಿ ಅತಿ ದೊಡ್ಡ ಪಾಲು ಸಿದ್ಧ ಉಡುಪುಗಳದು. ಚಹದ್ದು ಅದರ ನಂತರ. ಕೊಂಡುದರಲ್ಲಿ ಎಣ್ಣೆ, ಬಟ್ಟೆ, ಯಂತ್ರಗಳು, ಆಹಾರ, ಗೊಬ್ಬರ ಎಲ್ಲವೂ ಸೇರಿವೆ. ನಡುವಿನ ಸಾವಿರ ಕೋಟಿ ಡಾಲರುಗಳ ಹಳ್ಳವು ತುಂಬುತ್ತಿದ್ದುದು ಮುಖ್ಯವಾಗಿ ಎರಡು ಕಡೆಗಳಿಂದ. ಪರದೇಶಗಳಲ್ಲಿ ದುಡಿಯುವ ಗಂಡಸರೂ ಹೆಂಗಸರೂ ಮನೆಗೆ ಕಳುಹಿಸುತ್ತಿದ್ದ ಹಣವು 700 ಕೋಟಿ. ಪ್ರವಾಸಿಗಳಿಂದ ಬರುತ್ತಿದ್ದುದು 440 ಕೋಟಿ. ಇಷ್ಟಾದ ಮೇಲೆ ಕೈಗೆ ಉಳಿಯುವುದು ಸ್ವಲ್ಪವೇ. ಅಷ್ಟರಲ್ಲಿ ಹಳೆಯ ಸಾಲಗಳ ಅಸಲನ್ನೂ ಬಡ್ಡಿಯನ್ನೂ ಕಟ್ಟುವುದು ಆಗದ ಮಾತು. ಆದುದರಿಂದ ವರ್ಷವರ್ಷವೂ ಹೊಸ ಸಾಲ ಮಾಡಿ ಹಳೆಯದನ್ನು ತೀರಿಸುವುದು ವಾಡಿಕೆಯಾಯಿತು.

ಆ ಸಾಲದ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೊದಲಿನ ಕಾಲದಲ್ಲಿ ದೇಶಕ್ಕೆ ಸಿಕ್ಕುತ್ತಿದ್ದುದು ಬೇರೆ ಸರ್ಕಾರಗಳೂ ಲೋಕಬ್ಯಾಂಕಿನಂತಹ ಸಂಸ್ಥೆಗಳೂ ಕಡಮೆ ಬಡ್ಡಿಗೆ ದೀರ್ಘಾವಧಿಯ ಮೇಲೆ ಕೊಡುವ ಹಣ. 2007ರಿಂದ ಸರ್ಕಾರವು ಪರದೇಶದ ಪೇಟೆಯಲ್ಲಿ ಸಾಲಪತ್ರಗಳನ್ನು ಮಾರತೊಡಗಿತು. ಇದಕ್ಕೆ ಬಡ್ಡಿ ಹೆಚ್ಚು, ವಾಯಿದೆ ಕಡಮೆ. 2009ರಲ್ಲಿ ಒಳಯುದ್ಧವು ಮುಗಿದ ತರುವಾಯ ಹೆದ್ದಾರಿ, ಬಂದರು, ವಿಮಾನನಿಲ್ದಾಣಗಳನ್ನು ಬಹು ವೇಗದಿಂದ ಕಟ್ಟಿದರು. ಎರಡು ಮೂರು ವರ್ಷ ದೇಶದ ಉತ್ಪನ್ನವು ನೂರಕ್ಕೆ ಎಂಟರಂತೆ ಬೆಳೆದು ಎಲ್ಲರೂ ಮೆಚ್ಚಿದರು. ಆದರೆ ರಸ್ತೆಯ ಸುಂಕವು ರೂಪಾಯಿಯಲ್ಲಿ ಬರುತ್ತದೆ, ಸಾಲದ ಕಂತನ್ನು ಡಾಲರಿನಲ್ಲಿ ಕಟ್ಟಬೇಕು. ಭತ್ತದ ಗೇಣಿಗೆ ಒಪ್ಪಿಕೊಂಡು ಗದ್ದೆಯಲ್ಲಿ ಹೂವಿನ ಗಿಡ ಹಾಕಿದವನಿಗೆ ಸುಗ್ಗಿಯಲ್ಲಿ ಬರುವ ಕಷ್ಟವೇ ಇದು.

ಹೀಗೆ ತೆಳುವಾಗಿದ್ದ ಸ್ಥಿತಿಯ ಮೇಲೆ ಒಂದರ ಹಿಂದೊಂದಾಗಿ ಪೆಟ್ಟುಗಳು ಬಿದ್ದುವು. 2019ರ ಏಪ್ರಿಲ್ 21ರಂದು ಇಗರ್ಜಿಗಳಲ್ಲಿಯೂ ಹೋಟಲುಗಳಲ್ಲಿಯೂ ಬಾಂಬುಗಳು ಸಿಡಿದು ಪ್ರವಾಸಿಗಳು ದೂರವಾದರು. ಅದೇ ವರ್ಷದ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಅಧ್ಯಕ್ಷ ಗೋಟಾಬಯ ರಾಜಪಕ್ಸೆಯವರ ಸರ್ಕಾರವು, ಚುನಾವಣೆಯಲ್ಲಿ ಕೊಟ್ಟ ಮಾತಿನಂತೆ, ಮೌಲ್ಯವರ್ಧಿತ ತೆರಿಗೆಯನ್ನು ನೂರಕ್ಕೆ 15ರಿಂದ 8ಕ್ಕೆ ಇಳಿಸಿತು. ಬೇರೆ ತೆರಿಗೆಗಳೂ ಇಳಿದುವು. ದೇಶದ ಉತ್ಪನ್ನದಲ್ಲಿ ನೂರಕ್ಕೆ 12ಕ್ಕೂ ಮೀರಿ ಇದ್ದ ಸರ್ಕಾರದ ವರಮಾನವು ಎರಡು ವರ್ಷಗಳಲ್ಲಿ 8ರ ಸಮೀಪಕ್ಕೆ ಬಂದಿತು. ಬರಗಾಲಕ್ಕೆ ಮುಂಚಿನ ವರ್ಷ ಕಣಜದ ಬಾಗಿಲನ್ನು ತೆರೆದಿಟ್ಟಂತಾಯಿತು. ಏಕೆಂದರೆ 2020ರಲ್ಲಿ ಕೊರೋನಾ ವ್ಯಾಧಿಯು ಬಂದು ವಿಮಾನಗಳೇ ನಿಂತುಹೋದುವು. ಸಾಲಗಾರರಿಗೆ ನಂಬಿಕೆ ಹೋಯಿತು, ಹೊಸ ಸಾಲ ಹುಟ್ಟಲಿಲ್ಲ. 2019ರ ಕೊನೆಯಲ್ಲಿ 760 ಕೋಟಿ ಡಾಲರುಗಳಷ್ಟಿದ್ದ ಪರದೇಶದ ನಾಣ್ಯದ ಸಂಗ್ರಹವು ಕಂತುಗಳನ್ನು ಕಟ್ಟುತ್ತ ಕರಗತೊಡಗಿತು.

ಇಂತಹ ಹೊತ್ತಿನಲ್ಲಿ ಯಾವ ಸರ್ಕಾರಕ್ಕಾದರೂ ಮೊದಲು ತೋರುವ ಉಪಾಯವೆಂದರೆ ಆಮದನ್ನು ತಡೆಯುವುದು. ಮೋಟಾರು ಕಾರುಗಳನ್ನು ತಡೆದರು, ಅದು ಸರಿ. ಅರಿಸಿನವನ್ನೂ ತಡೆದರು. ದೇಶದಲ್ಲಿ ಬೆಳೆಯುತ್ತಿದ್ದ ಅರಿಸಿನವು ಬೇಕಾದುದರಲ್ಲಿ ಸ್ವಲ್ಪವೇ ಆಗಿದ್ದುದರಿಂದ ಅದರ ಬೆಲೆಯು ಕಿಲೋ ಒಂದಕ್ಕೆ ಸಾವಿರಾರು ರೂಪಾಯಿಗೆ ಹಾರಿತು. ರಾಮನಾಥಪುರದ ಕರಾವಳಿಯಿಂದ ದೋಣಿಗಳಲ್ಲಿ ಕಳ್ಳಸಾಗಣೆಯ ಅರಿಸಿನವು ಹೋಗಹತ್ತಿತು. ಸುಂಕವೂ ಬರಲಿಲ್ಲ, ಅರಿಸಿನವೂ ಸಸ್ತಾ ಆಗಲಿಲ್ಲ. ಆಮದಿನ ತಡೆಯು ಯಾವಾಗಲೂ ಕೆಟ್ಟದ್ದೆಂದು ನಮ್ಮ ಅಭಿಪ್ರಾಯವಲ್ಲ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ ಶ್ರೀಲಂಕಾ ವ್ಯಾಪಾರ ಒಪ್ಪಂದದ ಮೇಲೆ ಆ ದ್ವೀಪದ ಕರಿಮೆಣಸು ನಮ್ಮಲ್ಲಿಗೆ ಸುಂಕದ ರಿಯಾಯಿತಿಯಿಂದ ಬರುತ್ತಿದೆ. ವಿಯೆಟ್ನಾಮಿನ ಮೆಣಸೂ ಅದೇ ದಾರಿಯಲ್ಲಿ ನುಸುಳುತ್ತದೆಂದು ಕೊಡಗು ಚಿಕ್ಕಮಗಳೂರುಗಳ ಬೆಳೆಗಾರರು ಬಹುಕಾಲ ದೂರಿಕೊಂಡುದರ ಮೇಲೆ, ಕೇಂದ್ರ ಸರ್ಕಾರದವರು 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಮೆ ಬೆಲೆಯ ಮೆಣಸು ಒಳಗೆ ಬರಕೂಡದೆಂದು ಗೊತ್ತುಮಾಡಿದರು. ಬೆಳೆದ ಮಾಲಿಗೆ ಬೇಲಿ ಹಾಕುವುದು ಒಂದು ವಿಧ. ಬೆಳೆಯುವುದಕ್ಕೆ ಬೇಕಾದ ಸಾಧನವನ್ನೇ ಬೇಲಿಯ ಹೊರಗೆ ಬಿಡುವುದು ಬೇರೊಂದು ವಿಧ. ಈ ಭೇದವನ್ನು ಮರೆತುದೇ ಮುಂದಿನ ಅನರ್ಥಕ್ಕೆ ಮೂಲವಾಯಿತು.

2021ರ ಮೇ 6ನೆಯ ತಾರೀಖಿನ ರಾಜಪತ್ರದಲ್ಲಿ ರಾಸಾಯನಿಕ ಗೊಬ್ಬರಗಳ ಮತ್ತು ಕ್ರಿಮಿನಾಶಕಗಳ ಆಮದನ್ನು ನಿಷೇಧಿಸಿದ ಆಜ್ಞೆಯು ಹೊರಟಿತು. ವರ್ಷಂಪ್ರತಿ ಗೊಬ್ಬರಕ್ಕಾಗಿ 40 ಕೋಟಿ ಡಾಲರುಗಳು ಹೊರಗೆ ಹೋಗುತ್ತಿವೆಯೆಂದು ಸರ್ಕಾರದವರು ಹೇಳಿದರು. 2020ರಲ್ಲಿ ನಿಜವಾಗಿ ಹೋದುದು ಸುಮಾರು 26 ಕೋಟಿ. ಜನರ ಆರೋಗ್ಯವು ಅವರು ತೋರಿಸಿದ ಇನ್ನೊಂದು ಕಾರಣ. ಅನುರಾಧಪುರ, ಪೊಲನ್ನರುವ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಮೂತ್ರಪಿಂಡದ ಒಂದು ರೋಗವು ಭತ್ತದ ರೈತರನ್ನು ಬಹುಕಾಲದಿಂದ ಕಾಡುತ್ತಿದೆ; ಅದರ ಕಾರಣವು ಗೊಬ್ಬರವೇ ಎಂದು ಶಾಸ್ತ್ರಜ್ಞರು ಒಮ್ಮತದಿಂದ ನಿರ್ಣಯಿಸಿಲ್ಲವಾದರೂ ಜನರ ಭಯವು ಸುಳ್ಳಾದುದಲ್ಲ. ಯೂರಿಯವನ್ನು ಮಿತಿಮೀರಿ ಹಾಕಿ ಭೂಮಿ ಕೆಡುತ್ತಿದೆಯೆಂಬುದೂ ನಿಜವೇ. ಅಧ್ಯಕ್ಷರ ಚುನಾವಣಾ ಪ್ರಣಾಳಿಕೆಯಲ್ಲಿ ಹತ್ತು ವರ್ಷಗಳೊಳಗಾಗಿ ಸಾವಯವ ಬೇಸಾಯಕ್ಕೆ ತಿರುಗುವುದಾಗಿ ಹೇಳಿತ್ತು. ಹತ್ತು ವರ್ಷಗಳ ಆ ಕ್ರಮವು ಯೋಗ್ಯವಾದುದೇ. ನಾಣ್ಯದ ಅಭಾವವು ಅದನ್ನು ಒಂದು ಹಂಗಾಮಿಗೆ ಇಳಿಸಿತು.

ಇದು ಏಕೆ ಆಗದ ಕೆಲಸವೆಂಬುದನ್ನು ತಿಳಿಯಲು ರೈತನಾದವನಿಗೆ ದೊಡ್ಡ ಶಾಸ್ತ್ರವೇನೂ ಬೇಕಿಲ್ಲ. ಗದ್ದೆಯ ಬದುವಿನ ಮೇಲೆ ಕುಳಿತು ಬೆರಳಲ್ಲಿ ಎಣಿಸಬಹುದು. ಶ್ರೀಲಂಕೆಯಲ್ಲಿ ಎಕರೆಯೊಂದಕ್ಕೆ ಭತ್ತದ ಸರಾಸರಿ ಇಳುವರಿಯು ಸುಮಾರು ಎರಡು ಟನ್ನು. ಒಂದು ಟನ್ನು ಭತ್ತವನ್ನು ಬೆಳೆಯಲು ಪೈರು ನೆಲದಿಂದ 15ರಿಂದ 20 ಕಿಲೋ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಅಂದರೆ ಎಕರೆಗೆ 30ರಿಂದ 40 ಕಿಲೋ. ಯೂರಿಯದಲ್ಲಿ ನೂರಕ್ಕೆ 46 ಪಾಲು ಸಾರಜನಕವಿರುವುದರಿಂದ 45 ಕಿಲೋಗಳ ಎರಡು ಚೀಲಗಳಲ್ಲಿ 41 ಕಿಲೋ ದೊರೆಯುತ್ತದೆ. ಒಬ್ಬ ಆಳು ಸೈಕಲ್ಲಿನ ಮೇಲೆ ತರಬಹುದು. ಕೊಟ್ಟಿಗೆ ಗೊಬ್ಬರದಲ್ಲಿರುವುದು ನೂರಕ್ಕೆ ಅರ್ಧ ಪಾಲು ಮಾತ್ರ. ಮಳೆಗೆ ನೆನೆದು ಬಿಸಿಲಿಗೆ ಒಣಗಿದ ನಮ್ಮ ತಿಪ್ಪೆಗಳಲ್ಲಿ ಅದಕ್ಕಿಂತಲೂ ಕಡಮೆ. ಅದೇ 40 ಕಿಲೋಗಾಗಿ ಎಂಟು ಟನ್ನು ಗೊಬ್ಬರ ಬೇಕು. ಬಂಡಿಗೆ ಅರ್ಧ ಟನ್ನಿನಂತೆ ಹದಿನಾರು ಬಂಡಿ. ಅಷ್ಟನ್ನು ಹಾಕಿದರೂ ಮೊದಲನೆಯ ಬೆಳೆಗೆ ದಕ್ಕುವುದು ಅದರಲ್ಲಿ ಒಂದು ಅಂಶ ಮಾತ್ರ. ಉಳಿದುದು ಮುಂದಿನ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬಿಡುತ್ತದೆ. ಆದುದರಿಂದಲೇ ಹತ್ತಾರು ವರ್ಷ ಗೊಬ್ಬರ ಹಾಕಿದ ಹಿತ್ತಲಿನಲ್ಲಿ ಏನೂ ಹಾಕದೆ ಬೆಳೆದರೂ ಬೆಳೆ ಚೆನ್ನಾಗಿರುವುದು, ಬರಡು ಗದ್ದೆಗೆ ಒಂದೇ ಸಲ ಹತ್ತು ಬಂಡಿ ಹೊಡೆದರೂ ಪೈರು ಹಳದಿಯಾಗಿಯೇ ಇರುವುದು.

ಈಗ ಇದನ್ನು ದೇಶಕ್ಕೆ ಹರಡಿ ನೋಡಬೇಕು. ಮಹಾ ಹಂಗಾಮಿನಲ್ಲಿ ಭತ್ತ ಬಿತ್ತುವ ಭೂಮಿಯು ಸುಮಾರು ಏಳೂವರೆ ಲಕ್ಷ ಹೆಕ್ಟೇರು, ಅಂದರೆ ಹದಿನೆಂಟೂವರೆ ಲಕ್ಷ ಎಕರೆ. ಎಕರೆಗೆ ಎಂಟು ಟನ್ನಿನಂತೆ ಒಂದೂವರೆ ಕೋಟಿ ಟನ್ನು ಗೊಬ್ಬರವಾಗುತ್ತದೆ. ಚಹ, ಜೋಳ, ತರಕಾರಿಗಳ ಲೆಕ್ಕ ಇದಕ್ಕೆ ಹೊರತು. ಮೇ ತಿಂಗಳಲ್ಲಿ ಆಜ್ಞೆ, ಅಕ್ಟೋಬರಿನಲ್ಲಿ ಬಿತ್ತನೆ. ನಡುವೆ ಇದ್ದುದು ಐದು ತಿಂಗಳು. ಉಳುಮೆಗೆ ಯಂತ್ರಗಳು ಬಂದ ಮೇಲೆ ಗದ್ದೆಯ ಎಮ್ಮೆಗಳು ಕಡಮೆಯಾಗಿದ್ದ ದೇಶದಲ್ಲಿ ಅಷ್ಟು ಗೊಬ್ಬರವು ಎಲ್ಲಿಂದ ಬರಬೇಕು, ಯಾರು ಹೊರಬೇಕು? ಈ ಲೆಕ್ಕವನ್ನು ಅಲ್ಲಿನ ಕೃಷಿವಿಜ್ಞಾನಿಗಳು ಆಗಲೇ ಬಿಡಿಸಿ ಹೇಳಿದ್ದರು. ಅವರ ಮಾತು ನಡೆಯಲಿಲ್ಲ.

ಮನೆಯಲ್ಲಿ ಸಾಲದ ಗೊಬ್ಬರವನ್ನು ಹೊರಗಿನಿಂದ ತರಿಸುವ ಏರ್ಪಾಟಾಯಿತು. ಡಾಲರು ಉಳಿಸುವುದಕ್ಕೆಂದು ಗೊಬ್ಬರವನ್ನು ನಿಲ್ಲಿಸಿ, ಡಾಲರು ಕೊಟ್ಟು ಸಾವಯವ ಗೊಬ್ಬರವನ್ನು ತರಿಸಿದರೆಂಬುದನ್ನು ಓದುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಚೀನಾದ ಒಂದು ಕಂಪೆನಿಯಿಂದ 99,000 ಟನ್ನುಗಳನ್ನು 6 ಕೋಟಿ 30 ಲಕ್ಷ ಡಾಲರುಗಳಿಗೆ ಕೊಳ್ಳಲು ಕರಾರಾಯಿತು. ಮೊದಲ ಹಡಗಿನಲ್ಲಿ ಬಂದುದು 20,000 ಟನ್ನು. ಬೆಳೆಗೆ ಹಾನಿಕರವಾದ ಸೂಕ್ಷ್ಮಜೀವಿಗಳಿವೆಯೆಂದು ಅಲ್ಲಿನ ಸಸ್ಯರೋಗ ತಪಾಸಣೆಯವರು ಅದನ್ನು ತಿರಸ್ಕರಿಸಿದರು; ಕಂಪೆನಿಯವರು ಒಪ್ಪಲಿಲ್ಲ. ಹಡಗು ವಾರಗಟ್ಟಲೆ ಸಮುದ್ರದಲ್ಲಿ ಸುತ್ತಾಡಿ, ಕೊನೆಗೆ ಗೊಬ್ಬರವನ್ನು ಇಳಿಸದಿದ್ದರೂ 60 ಲಕ್ಷಕ್ಕೂ ಮೀರಿದ ಡಾಲರುಗಳನ್ನು ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಳ್ಳಬೇಕಾಯಿತು. ನಮ್ಮ ದೇಶದಿಂದಲೂ ಆ ಅಕ್ಟೋಬರಿನಲ್ಲಿ ದ್ರವರೂಪದ ನ್ಯಾನೋ ಸಾರಜನಕವನ್ನು ವಿಮಾನದಲ್ಲಿ ತರಿಸಿಕೊಂಡರು. ಅದರಿಂದ ಕೊರತೆಯು ತುಂಬಲಿಲ್ಲ.

2021ರ ನವೆಂಬರಿನಲ್ಲಿ ಸರ್ಕಾರದವರು ನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಪೈರಿಗೆ ಹೊತ್ತು ಮೀರಿತ್ತು. ಜನವರಿಯಲ್ಲಿ ಟನ್ನಿಗೆ 260 ಡಾಲರುಗಳ ಆಸುಪಾಸಿನಲ್ಲಿದ್ದ ಯೂರಿಯವು ಲೋಕದ ಪೇಟೆಯಲ್ಲಿ ನವೆಂಬರಿಗೆ 900 ಡಾಲರನ್ನು ಮುಟ್ಟಿತ್ತು. ಅಗ್ಗವಾಗಿದ್ದಾಗ ಬೇಡವೆಂದುದನ್ನು ತುಟ್ಟಿಯಾದಾಗ ಹುಡುಕಬೇಕಾಯಿತು, ಕೊಳ್ಳಲು ಹಣವೂ ಇರಲಿಲ್ಲ. ಹಿಂದಿನ ಮಹಾ ಹಂಗಾಮಿನಲ್ಲಿ 30 ಲಕ್ಷ ಟನ್ನಿನಷ್ಟಿದ್ದ ಭತ್ತವು 2021-22ರ ಮಹಾ ಹಂಗಾಮಿನಲ್ಲಿ 20 ಲಕ್ಷ ಟನ್ನಿನ ಒಳಗೆ ಬಂದಿತು. 2022ರ ವರ್ಷವೆಲ್ಲ ಸೇರಿ 34 ಲಕ್ಷ ಟನ್ನು. ಚಹದ ಉತ್ಪನ್ನವು 2021ರಲ್ಲಿ 29 ಕೋಟಿ 90 ಲಕ್ಷ ಕಿಲೋ ಇದ್ದುದು 2022ರಲ್ಲಿ 25 ಕೋಟಿ ಕಿಲೋಗಳ ಹತ್ತಿರಕ್ಕೆ ಇಳಿಯಿತು. ಅಲ್ಲಿನ ಚಹದಲ್ಲಿ ಹೆಚ್ಚಿನ ಪಾಲು ದೊಡ್ಡ ಎಸ್ಟೇಟುಗಳದ್ದಲ್ಲ, ಒಂದೆರಡು ಎಕರೆಯ ಸಣ್ಣ ಹಿಡುವಳಿದಾರರದು. ಎಲೆಯೇ ಫಸಲಾದ ಗಿಡಕ್ಕೆ ಸಾರಜನಕವು ನಿಂತರೆ ಚಿಗುರು ನಿಲ್ಲುತ್ತದೆ, ಚಿಗುರು ನಿಂತರೆ ಅವರ ಬಟವಾಡೆಯೂ ನಿಲ್ಲುತ್ತದೆ.

ಉಳಿತಾಯವೆಂದು ಬಗೆದುದರ ನಿಜವಾದ ಜಮಾಖರ್ಚು ಹೀಗಿದೆ. ಗೊಬ್ಬರದ ಆಮದಿನಲ್ಲಿ ಉಳಿಯತಕ್ಕುದು ಹೆಚ್ಚೆಂದರೆ 26ರಿಂದ 40 ಕೋಟಿ ಡಾಲರು. ಅದಕ್ಕೆ ಎದುರಾಗಿ, ಚಹದಿಂದ 2020ರಲ್ಲಿ ಬಂದುದು ಸುಮಾರು 124 ಕೋಟಿ ಡಾಲರು. ಆ ಮೂಲವನ್ನೇ ಅಪಾಯಕ್ಕೆ ಒಡ್ಡಿದರು. ಅಕ್ಕಿಯನ್ನು ತಾನೇ ಬೆಳೆಯುತ್ತಿದ್ದ ದೇಶವು 2022ರಲ್ಲಿ 7 ಲಕ್ಷ ಟನ್ನಿಗೂ ಮೀರಿದ ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ನಷ್ಟ ಹೊಂದಿದ ಭತ್ತದ ರೈತರಿಗೆ ಪರಿಹಾರವಾಗಿ 4,000 ಕೋಟಿ ಲಂಕಾ ರೂಪಾಯಿಗಳನ್ನು, ಅಂದರೆ ಆಗಿನ ದರದಲ್ಲಿ 20 ಕೋಟಿ ಡಾಲರುಗಳಷ್ಟನ್ನು, ಕೊಡುವುದಾಗಿ 2022ರ ಜನವರಿಯಲ್ಲಿ ಪ್ರಕಟಿಸಿದರು. ಹಿಡಿ ಬಿತ್ತನೆಯನ್ನು ಉಳಿಸಿ ಕಣವನ್ನು ಕಳೆದುಕೊಂಡಂತೆ ಆಯಿತು.

ಇದೇ ಕಾಲದಲ್ಲಿ ನಾಣ್ಯದ ವಿಚಾರದಲ್ಲಿಯೂ ಹುಕುಮಿನ ಮೇಲೆ ನಂಬಿಕೆಯಿಟ್ಟು ಮತ್ತೊಂದು ತಪ್ಪು ನಡೆಯಿತು. ಡಾಲರಿಗೆ 200 ರೂಪಾಯಿಯೇ ಸರಿಯೆಂದು ಬೆಲೆಯನ್ನು ಹಿಡಿದು ನಿಲ್ಲಿಸಿದರು. ಕಾಳಪೇಟೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು ಸಿಕ್ಕುತ್ತಿತ್ತು. ಪರದೇಶದಲ್ಲಿ ದುಡಿಯುವವರು ಬ್ಯಾಂಕನ್ನು ಬಿಟ್ಟು ಖಾಸಗಿ ದಲ್ಲಾಳಿಗಳ ಮೂಲಕ ಮನೆಗೆ ಹಣ ಕಳುಹಿಸತೊಡಗಿದರು. ಬ್ಯಾಂಕುಗಳ ಮೂಲಕ 2020ರಲ್ಲಿ 710 ಕೋಟಿ ಡಾಲರು ಬಂದಿದ್ದುದು 2022ರಲ್ಲಿ 380 ಕೋಟಿಗೆ ಇಳಿಯಿತು. 2022ರ ಮಾರ್ಚಿನಲ್ಲಿ ಹಿಡಿತವನ್ನು ಬಿಟ್ಟ ಕೂಡಲೆ ಡಾಲರು ಎರಡು ತಿಂಗಳಲ್ಲಿ 360 ರೂಪಾಯಿಯಾಯಿತು. ಏಪ್ರಿಲ್ 12ರಂದು ಪರದೇಶದ ಸಾಲದ ಮರುಪಾವತಿಯನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿದರು. ಎಣ್ಣೆಯಿಲ್ಲದೆ ಬಸ್ಸುಗಳೂ ಟ್ರಾಕ್ಟರುಗಳೂ ನಿಂತುವು, ಅಡಿಗೆಯ ಅನಿಲಕ್ಕಾಗಿ ಜನರು ದಿನಗಟ್ಟಲೆ ಸಾಲಿನಲ್ಲಿ ನಿಂತರು, ಆಸ್ಪತ್ರೆಗಳಲ್ಲಿ ಔಷಧಿ ಮುಗಿಯಿತು. ಸೆಪ್ಟೆಂಬರಿನಲ್ಲಿ ಕೊಲಂಬೋ ನಗರದ ಬೆಲೆಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ ಎಪ್ಪತ್ತರಷ್ಟು ಹೆಚ್ಚಾಗಿದ್ದುವು. ಆಹಾರದ ಬೆಲೆಯು ಸುಮಾರು ಎರಡರಷ್ಟಾಗಿತ್ತು. ಅಧ್ಯಕ್ಷರು ಜುಲೈ ತಿಂಗಳಲ್ಲಿಯೇ ದೇಶವನ್ನು ಬಿಟ್ಟುಹೋಗಿ ರಾಜೀನಾಮೆ ಕಳುಹಿಸಿದ್ದರು.

ಆ ವರ್ಷ ಭಾರತವು ಸುಮಾರು 400 ಕೋಟಿ ಡಾಲರುಗಳಷ್ಟು ಸಾಲವನ್ನೂ ಸಹಾಯವನ್ನೂ ಕೊಟ್ಟಿತು. ಎಣ್ಣೆ, ಅಕ್ಕಿ, ಔಷಧಿಗಳೊಡನೆ 65,000 ಟನ್ನು ಯೂರಿಯವೂ ಅದರಲ್ಲಿ ಸೇರಿ, ಜುಲೈ ಆಗಸ್ಟುಗಳಲ್ಲಿ ಕೊಲಂಬೋವನ್ನು ಮುಟ್ಟಿತು. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯವರು ನಾಲ್ಕು ವರ್ಷಗಳಲ್ಲಿ ಕೊಡತಕ್ಕ 300 ಕೋಟಿ ಡಾಲರುಗಳ ಸಾಲವನ್ನು ಮಂಜೂರು ಮಾಡಿದರು. ಅದಕ್ಕೆ ಬೆಲೆಯಾಗಿ ತೆರಿಗೆಗಳು ಮೇಲೆ ಹೋದುವು. 8ಕ್ಕೆ ಇಳಿದಿದ್ದ ಮೌಲ್ಯವರ್ಧಿತ ತೆರಿಗೆಯು 2024ರ ಜನವರಿಯಲ್ಲಿ 18 ಆಯಿತು. ದೇಶದ ಉತ್ಪನ್ನವು 2024ರಲ್ಲಿ ಮತ್ತೆ ನೂರಕ್ಕೆ ಐದರಂತೆ ಬೆಳೆಯಿತು. ಭತ್ತವು 2023ರಲ್ಲಿ 45 ಲಕ್ಷ ಟನ್ನಿಗೆ ಏರಿತು. ಚಹ ಮಾತ್ರ 2024ರಲ್ಲಿಯೂ 26 ಕೋಟಿ ಕಿಲೋಗಳನ್ನು ಸ್ವಲ್ಪ ಮೀರಿತೇ ಹೊರತು ಹಳೆಯ ಮಟ್ಟವನ್ನು ಮುಟ್ಟಲಿಲ್ಲ. ಭತ್ತವು ನಾಲ್ಕು ತಿಂಗಳ ಪೈರು, ಗೊಬ್ಬರ ಬಂದರೆ ಏಳುತ್ತದೆ. ಸೊರಗಿದ ತೋಟವನ್ನು ಎಬ್ಬಿಸುವುದಕ್ಕೆ ವರ್ಷಗಳು ಬೇಕು.

ನಮ್ಮ ಸ್ಥಿತಿಯು ಹೇಗಿದೆಯೆಂದು ಓದುಗರು ಕೇಳಬಹುದು. ಭಾರತವು ದೊಡ್ಡ ದೇಶ, ಯೂರಿಯದ ಬಹುಭಾಗವನ್ನು ಇಲ್ಲಿಯೇ ಮಾಡಿಕೊಳ್ಳುತ್ತದೆ. ಆದರೂ ಪೊಟ್ಯಾಷು ಬಹುಮಟ್ಟಿಗೆ ಹೊರಗಿನದೇ. ರಂಜಕದ ಕಚ್ಚಾವಸ್ತುವೂ, ಯೂರಿಯ ಮಾಡುವ ಅನಿಲದಲ್ಲಿ ಒಂದು ಪಾಲೂ ಹಡಗಿನಲ್ಲಿಯೇ ಬರತಕ್ಕವು. 2022-23ನೆಯ ಸಾಲಿನಲ್ಲಿ ಲೋಕದ ಬೆಲೆ ಏರಿದಾಗ ಕೇಂದ್ರದ ಖಜಾನೆಯಿಂದ ಗೊಬ್ಬರದ ಸಹಾಯಧನಕ್ಕೆ ಹೋದುದು ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ. ಯೂರಿಯ ಮಾತ್ರ ಅತಿ ಅಗ್ಗವಾಗಿ, ಬೇರೆಯವು ಅಷ್ಟಿಲ್ಲದೆ ಇರುವುದರಿಂದ, ನಮ್ಮ ಗದ್ದೆಗಳಲ್ಲಿಯೂ ಯೂರಿಯದ ಕೈ ಬಿಗಿಯಾಗಿಲ್ಲ. ಹೀಗಿರಲಾಗಿ ಗೊಬ್ಬರದ ವೆಚ್ಚವನ್ನು ತಗ್ಗಿಸುವುದು ಅವಶ್ಯವೇ ಸರಿ. ಅದು ರಾಜಪತ್ರದಿಂದಲ್ಲದೆ ಗದ್ದೆಯಿಂದ ಪ್ರಾರಂಭವಾಗತಕ್ಕದ್ದು.

ಜಮೀನುದಾರರು ತಮ್ಮ ಹಿಡುವಳಿಯಲ್ಲಿ ಒಂದು ಎಕರೆಯನ್ನು ಇದಕ್ಕಾಗಿ ಬೇರೆ ಇಟ್ಟು, ಎರಡು ಮಡಿಗಳಾಗಿ ಮಾಡಿಕೊಳ್ಳಬಹುದು. ಒಂದಕ್ಕೆ ಎಂದಿನಂತೆಯೇ ನಡೆಯಲಿ. ಇನ್ನೊಂದಕ್ಕೆ ನಾಟಿಗೆ ಎರಡು ತಿಂಗಳು ಮೊದಲು ಅಪ್ಸೆಣಬನ್ನಾಗಲಿ ಡಯಂಚವನ್ನಾಗಲಿ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಮಗುಚಬೇಕು; ಬೆಳೆ ಚೆನ್ನಾಗಿದ್ದರೆ ಎಕರೆಯ ಲೆಕ್ಕದಲ್ಲಿ 20ರಿಂದ 30 ಕಿಲೋ ಸಾರಜನಕವು ಇದರಿಂದಲೇ ಸೇರುತ್ತದೆ. ಬದುಗಳ ಮೇಲೆ ಹೊಂಗೆ, ಗೊಬ್ಬರದ ಗಿಡಗಳಿದ್ದರೆ ಆ ಸೊಪ್ಪೂ ಸಲ್ಲುತ್ತದೆ. ಆ ಮಡಿಯಲ್ಲಿ ಮೊದಲ ವರ್ಷ ಯೂರಿಯವನ್ನು ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ತಗ್ಗಿಸಕೂಡದು. ತಗ್ಗಿಸಿದುದನ್ನೂ ಒಂದೇ ಸಲಕ್ಕೆ ಎರಚದೆ ಮೂರು ಸಲ ಮಾಡಿ ಕೊಡಬೇಕು. ತಿಪ್ಪೆಯು ಗುಂಡಿಯಲ್ಲಿ ನೆರಳಿನ ಕೆಳಗೆ ಇರಲಿ, ಮೇಲೆ ಮಣ್ಣಿನ ಮುಚ್ಚಿಗೆ ಇರಲಿ. ಕಟಾವಾದ ಮೇಲೆ ಎರಡು ಮಡಿಗಳ ಭತ್ತವನ್ನೂ ಬೇರೆ ಬೇರೆ ತೂಗಿ, ಗೊಬ್ಬರಕ್ಕೂ ಆಳಿಗೂ ಆದ ಖರ್ಚನ್ನು ಪಕ್ಕದಲ್ಲಿ ಬರೆದಿಡತಕ್ಕದ್ದು. ಇಳುವರಿ ತಗ್ಗದಿದ್ದರೆ ಮರುವರ್ಷ ಇನ್ನಷ್ಟು ಕಡಮೆ ಮಾಡಬಹುದು. ತಗ್ಗಿದರೆ ಅಲ್ಲಿಯೇ ನಿಲ್ಲಿಸಿ, ಮಣ್ಣನ್ನು ಪರೀಕ್ಷೆಗೆ ಕೊಟ್ಟು ಕೊರತೆ ಯಾವುದೆಂದು ತಿಳಿದುಕೊಳ್ಳಬೇಕು. ಗ್ರಾಮದ ಮುಖ್ಯಸ್ಥರು ಇಂತಹ ನಾಲ್ಕೈದು ಹಿಡುವಳಿಗಳ ತೂಕದ ಪಟ್ಟಿಯನ್ನು ಸುಗ್ಗಿಯ ಕೊನೆಯಲ್ಲಿ ಒಟ್ಟುಗೂಡಿಸಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಿದರೆ, ಆ ಊರಿನ ಮಣ್ಣಿಗೆ ಎಷ್ಟು ಗೊಬ್ಬರ ಸಾಕೆಂಬುದನ್ನು ಮುಂದಿನ ಹಂಗಾಮಿಗೆ ಮೊದಲೇ ಗೊತ್ತುಮಾಡಲು ಅನುಕೂಲವಾಗುತ್ತದೆ.